ಟಾರ್ಗೆಟ್ ಮುಟ್ಟಲು ಒಂದು ಹೋರಾಟದ ಹಾಡು

ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ದೊಡ್ಡ ಮೀಟಿಂಗ್ ಮಾಡುತ್ತಾರೆ. ಹೋದ ವರ್ಷ ಒಂದು ಕ್ವಾರ್ಟರ್‌ನಲ್ಲಿ ನಮ್ಮ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಸ್ಲೈಡಿನ ಮೇಲಿದ್ದ ಗ್ರಾಫು ಕೆರೆ ಏರಿ ಇಳಿಯುವ ಎತ್ತಿನಗಾಡಿ ಥರ ಕೆಳಮುಖವಾಗಿ ಓಡುತ್ತಿತ್ತು. ಎಚ್‌ಆರ್ ಹುಡುಗಿ ಹಿಂದಿನ ದಿನವೇ ನನ್ನ ಡೆಸ್ಕಿಗೆ ಬಂದು, "ನೀವು ಹಾಡ್ತೀರಂತಲ್ಲ, ಎಲ್ರಿಗೂ ಸ್ವಲ್ಪ ಜೋಶ್ ಬರೋ ಥರದ್ದು ಒಂದು ಹಾಡಿಬಿಡಿ" ಅಂದಿದ್ದಳು. ನಾನು ಹಿಂದೆಮುಂದೆ ನೋಡದೆ 'ವಿ ಶಲ್ ಓವರ್‌ಕಮ್' ಹಾಡಿದೆ. ಪಕ್ಕದ ಟೀಮಿನ ಹುಡುಗ ಗಿಟಾರ್ ಹಿಡಿದಿದ್ದ. ನನ್ನ ಬೆನ್ನ ಹಿಂದಿನ ಪರದೆಯ ಮೇಲೆ ಮುಂದಿನ ಕ್ವಾರ್ಟರ್‌ನ ಟಾರ್ಗೆಟ್ ದಪ್ಪ ಅಕ್ಷರದಲ್ಲಿ ಮಿನುಗುತ್ತಿತ್ತು.

ಇಂಗ್ಲಿಷ್ ಮುಗಿದ ಮೇಲೆ ಉತ್ಸಾಹ ತಡೆಯಲಾಗದೆ, ಸ್ಕೂಲಿನಲ್ಲಿ ಕಲಿತಿದ್ದ ಕನ್ನಡ ಅನುವಾದವನ್ನೂ ಎತ್ತಿಕೊಂಡೆ. ನಮ್ಮೂರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಆಗಸ್ಟ್ 15ಕ್ಕೆ ಮೇಷ್ಟ್ರು ನಮ್ಮನ್ನು ಸಾಲಾಗಿ ನಿಲ್ಲಿಸಿ ಈ ಹಾಡು ಹೇಳಿಸೋರು. ನಾನು ಬಹಳ ವರ್ಷ ಅದನ್ನು ಗಾಂಧೀಜಿ ಕಾಲದ ನಮ್ಮದೇ ಹಾಡು ಅಂದುಕೊಂಡಿದ್ದೆ. ಮೊದಲ ಚರಣ ಸಲೀಸಾಗಿ ಬಂತು. ಎರಡನೆಯದು ಮರೆತುಹೋಗಿತ್ತು. 'ಆ... ಆ...' ಅಂತ ಎಳೆದು ಮತ್ತೆ ಪಲ್ಲವಿಗೆ ಬಂದುಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಭರ್ಜರಿ ಚಪ್ಪಾಳೆ ಬಿತ್ತು. ನಮ್ಮ ಡೈರೆಕ್ಟರ್ ಕೈಯಾರೆ ಒಂದು ಸಾವಿರ ರೂಪಾಯಿಯ ಗಿಫ್ಟ್ ಕೂಪನ್ ಕೊಟ್ಟರು. ಅದರಲ್ಲಿ ಒಂದು ಹೆಡ್‌ಫೋನ್ ತಗೊಂಡೆ.

ಆ ಹೆಡ್‌ಫೋನ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತಾಗಲೇ ಆ ಹಾಡು ಎಲ್ಲಿಂದ ಬಂತು ಅಂತ ಕೇಳಿಸಿಕೊಂಡದ್ದು. 1945ರ ಕೊನೆಯಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಸಿಗಾರ್ ಫ್ಯಾಕ್ಟರಿಯ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಕಪ್ಪು ಹೆಂಗಸರು. ಚರ್ಚಿನಲ್ಲಿ ಹಾಡುತ್ತಿದ್ದ ಒಂದು ಹಳೆಯ ಧಾಟಿಯನ್ನು ಅವರು ಮುಷ್ಕರದ ಜಾಗಕ್ಕೆ ತಂದು ಹಾಡಿದರು. ಅಲ್ಲಿಂದ ಅದು ಟೆನೆಸಿಯ ಹೈಲ್ಯಾಂಡರ್ ಫೋಕ್ ಸ್ಕೂಲ್‌ಗೆ ಹೋಯಿತು. ಅಲ್ಲಿನ ಜಿಲ್ಫಿಯಾ ಹಾರ್ಟನ್‌ರಿಂದ ಪೀಟ್ ಸೀಗರ್ ಕಲಿತರು. 1960ರಲ್ಲಿ ಗೈ ಕ್ಯಾರವಾನ್ ಅದನ್ನು ನಾಗರಿಕ ಹಕ್ಕುಗಳ ಚಳವಳಿಯ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. 1965ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಮೆರಿಕದ ಸಂಸತ್ತಿನಲ್ಲಿ ನಿಂತು ಅದರ ಪಲ್ಲವಿಯನ್ನೇ ತಮ್ಮ ಭಾಷಣದಲ್ಲಿ ಆಡಿದರು. ಆಮೇಲೆ ಅದು ಎಲ್ಲೆಲ್ಲೋ ಸುತ್ತಿ ಹಿಂದಿಗೆ ಬಂತು, ಕನ್ನಡಕ್ಕೆ ಬಂತು, ನಮ್ಮ ಶಾಲೆಯ ಬಾವುಟದ ಕಂಬದ ಕೆಳಗೆ ಬಂತು. ಕಡೆಗೆ ನನ್ನ ಬಾಯಿಂದ ಟಾರ್ಗೆಟ್ ಸ್ಲೈಡಿನ ಮುಂದೆ ಬಂದು ಬಿತ್ತು.

ಕೂಲಿ ಸಾಲದೆ ಕೆಲಸ ಬಿಟ್ಟು ಬೀದಿಯಲ್ಲಿ ನಿಂತ ಹೆಂಗಸರ ಹಾಡನ್ನು, ಇನ್ನೂ ಜಾಸ್ತಿ ಕೆಲಸ ಮಾಡಿ ಅಂತ ಹೇಳೋಕೆ ಬಳಸಿಕೊಂಡೆವಲ್ಲ ಅಂತ ನನಗೆ ಮೊದಲು ನಗು ಬಂತು. ಆಮೇಲೆ ನಡೆದದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಆ ದಿನ ಹಾಲ್‌ನ ಹಿಂದೆ, ಕಾಫಿ ಫ್ಲಾಸ್ಕಿನ ಪಕ್ಕ ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು ನಿಂತಿದ್ದರು. ಮಧುಗಿರಿ ಕಡೆಯವರು. ಮೀಟಿಂಗ್ ಮುಗಿದ ಮೇಲೆ ಪ್ಯಾಂಟ್ರಿಯಲ್ಲಿ ಸಿಕ್ಕಾಗ, "ನಮ್ ಸ್ಕೂಲಲ್ಲೂ ಇದೇ ಹಾಡು ಹೇಳ್ಕೊಟ್ಟಿದ್ರು ಸಾರ್, ನಾನೂ ಹಿಂದ್ಗಡೆಯಿಂದ ಹೇಳ್ತಾ ಇದ್ದೆ" ಅಂದರು. ಊರು ಯಾವುದು, ಮಳೆ ಆಯ್ತಾ ಅಂತೆಲ್ಲ ಮಾತಾಡಿದೆವು. ಅವತ್ತಿನಿಂದ ನಾನು ಸಾರ್‌ನಿಂದ ಅಣ್ಣನಾದೆ.

ಎರಡು ವಾರ ಕಳೆದ ಮೇಲೆ ಹೌಸ್‌ಕೀಪಿಂಗ್ ಕಾಂಟ್ರ್ಯಾಕ್ಟ್ ಬೇರೆ ಏಜೆನ್ಸಿಗೆ ಹೋಯಿತು. ಹನ್ನೊಂದು ಜನಕ್ಕೆ ಒಂದನೇ ತಾರೀಖಿನಿಂದ ಬರಬೇಡಿ ಅಂದರು. ಅಕ್ಕ ಅದರಲ್ಲಿ ಒಬ್ಬರು. ಲಿಫ್ಟ್ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು: "ಅಣ್ಣಾ, ದೊಡ್ಡೋರತ್ರ ಒಂದ್ ಮಾತ್ ಹೇಳ್ತೀರಾ? ಒಂದ್ ತಿಂಗ್ಳು ಟೈಮ್ ಕೊಟ್ರೆ ಸಾಕು, ಬೇರೆ ಕಡೆ ನೋಡ್ಕೋತೀವಿ. ನೀವ್ ಹೇಳಿದ್ರೆ ಕೇಳ್ತಾರೆ. ಅವತ್ತು ಎಲ್ರೂ ನಿಮಗೆ ಚಪ್ಪಾಳೆ ಹೊಡುದ್ರಲ್ಲ."

ಹೇಳ್ತೀನಿ ಅಂದೆ. ರಾತ್ರಿ ಕೂತು ಮೇಲ್ ಬರೆದೆ. ಒಂದು ಗಂಟೆ ತಿದ್ದಿದೆ. 'ಡಿಮ್ಯಾಂಡ್' ಅನ್ನೋದನ್ನು 'ರಿಕ್ವೆಸ್ಟ್' ಮಾಡಿದೆ, ಅದನ್ನು 'ಸಜೆಶನ್' ಮಾಡಿದೆ. ಅಪ್ರೈಸಲ್ ಹದಿನೈದು ದಿನ ಇತ್ತು. ಮೇಲ್ ಡ್ರಾಫ್ಟ್‌ನಲ್ಲೇ ಉಳಿಯಿತು. ಒಂದನೇ ತಾರೀಖು ಬಂತು, ಹೊಸ ಯೂನಿಫಾರ್ಮಿನ ಹೊಸ ಜನ ಬಂದರು.

ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವುದು ಅಕ್ಕನ ಆ ಕೊನೆಯ ಮಾತು. ಅವರು ನನ್ನ ಹಾಡನ್ನು ಹೊಗಳಲಿಲ್ಲ. ಚಪ್ಪಾಳೆ ಅನ್ನೋದು ಒಂದು ಆಸ್ತಿ, ಅದು ನಿನ್ನ ಹತ್ತಿರ ಇದೆ, ಅದರಲ್ಲಿ ಸ್ವಲ್ಪ ನಮಗಾಗಿ ಖರ್ಚು ಮಾಡು ಅಂತ ಕೇಳಿದರು. ಹೋರಾಟದ ಹಾಡು ಹಾಡಿ ಹೆಸರು ಮಾಡಿದವರೆಲ್ಲರ ಮುಂದೆ ಇರುವ ಪ್ರಶ್ನೆಯೂ ಇದೇ ಅಂತ ನನಗೆ ಅನಿಸುತ್ತದೆ. ನನ್ನದು ಒಂದು ಹಾಲ್‌ನ ಖ್ಯಾತಿ, ಅವರದ್ದು ಜಗತ್ತಿನ ಖ್ಯಾತಿ. ಪ್ರಮಾಣ ಬೇರೆ, ಲೆಕ್ಕ ಒಂದೇ.

ನಾವು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಬೇರೆ ಥರ ಕೇಳುತ್ತೇವೆ. ಹೊಟ್ಟೆ ತುಂಬಿದವನಿಗೆ ಹಸಿವಿನ ಹಾಡು ಹಾಡುವ ಹಕ್ಕು ಇದೆಯಾ ಅಂತ. ಇದು ತಪ್ಪು ಪ್ರಶ್ನೆ ಅನ್ನೋದು ನನ್ನ ಅನಿಸಿಕೆ. ಪೀಟ್ ಸೀಗರ್ ಬಡವರ ಮನೆಯ ಹುಡುಗನಲ್ಲ. ತಂದೆ ಸಂಗೀತಶಾಸ್ತ್ರದ ವಿದ್ವಾಂಸ, ತಾಯಿ ಪಿಟೀಲು ವಾದಕಿ. ಅವರು ಹಾರ್ವರ್ಡ್‌ಗೆ ಸೇರಿ ಅರ್ಧಕ್ಕೆ ಬಿಟ್ಟವರು. 1950ರಲ್ಲಿ ಅವರ ವೀವರ್ಸ್ ತಂಡ ಹಾಡಿದ 'ಗುಡ್‌ನೈಟ್ ಐರೀನ್' ಅಮೆರಿಕದಲ್ಲಿ ಹದಿಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದು ಲೆಡ್ ಬೆಲಿ ಎಂಬ ಕಪ್ಪು ಗಾಯಕನಿಂದ ಬಂದ ಹಾಡು. ಜೈಲಿನಲ್ಲೂ ಬಡತನದಲ್ಲೂ ಬದುಕು ಕಳೆದ ಆತ, ಹಾಡು ಗೆಲ್ಲುವ ಕೆಲವೇ ತಿಂಗಳ ಹಿಂದೆ ತೀರಿಹೋಗಿದ್ದ. ಹುಟ್ಟನ್ನೋ ಬ್ಯಾಂಕ್ ಖಾತೆಯನ್ನೋ ನೋಡಿ ತೀರ್ಪು ಕೊಡುವುದಾದರೆ ಸೀಗರ್ ಮೊದಲ ಸುತ್ತಿನಲ್ಲೇ ಫೇಲ್.

ಆದರೆ ಬಿಲ್ ಬಂದಾಗ ಅವರು ಏನು ಮಾಡಿದರು ನೋಡಿ. 1955ರಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿ ಅವರನ್ನು ಕರೆಸಿ, ಎಲ್ಲೆಲ್ಲಿ, ಯಾರ್‍ಯಾರ ಮುಂದೆ ಹಾಡಿದೆ ಅಂತ ಕೇಳಿತು. ಬೇಕಿದ್ದರೆ ಹಾಡು ಹಾಡಿ ತೋರಿಸ್ತೀನಿ, ಯಾರ ಮುಂದೆ ಹಾಡಿದೆ ಅಂತ ಮಾತ್ರ ಹೇಳೋಲ್ಲ ಅಂದರು ಸೀಗರ್. ಎಷ್ಟು ವಿನಯ, ಎಷ್ಟು ತುಂಟತನ! ಸಮಿತಿಗೆ ಹಾಡು ಬೇಕಿರಲಿಲ್ಲ. ಹಲವರು ಮಾಡಿದಂತೆ 'ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಲಾರೆ' ಎನ್ನುವ ಐದನೇ ತಿದ್ದುಪಡಿಯ ರಕ್ಷಣೆಯನ್ನು ಅವರು ಪಡೆಯಬಹುದಿತ್ತು. ಪಡೆಯಲಿಲ್ಲ. ಈ ಪ್ರಶ್ನೆ ಯಾವ ಅಮೆರಿಕನ್ನನಿಗೂ ಕೇಳಬಾರದ್ದು ಅಂತ ನಿಂತರು. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆಯ ತೀರ್ಪು ಬಂತು, ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ದೊಡ್ಡ ಟಿವಿ ಚಾನೆಲ್‌ಗಳು ವರ್ಷಗಟ್ಟಲೆ ಅವರನ್ನು ಹತ್ತಿರ ಸೇರಿಸಲಿಲ್ಲ. ಅವರು ಶಾಲೆ, ಕಾಲೇಜು, ಬೇಸಿಗೆ ಶಿಬಿರ ಅಂತ ಬ್ಯಾಂಜೊ ಹೊತ್ತು ತಿರುಗಿ ಮಕ್ಕಳಿಗೆ ಹಾಡು ಕಲಿಸಿದರು.

'ವಿ ಶಲ್ ಓವರ್‌ಕಮ್' ಹಾಡಿನ ಕಾಪಿರೈಟ್ ಸೀಗರ್ ಮತ್ತು ಇನ್ನು ಮೂವರ ಹೆಸರಿನಲ್ಲಿ ಇತ್ತು. ಅದರಿಂದ ಬಂದ ರಾಯಲ್ಟಿಯನ್ನು ಅವರು ಇಟ್ಟುಕೊಳ್ಳಲಿಲ್ಲ. ಹೈಲ್ಯಾಂಡರ್ ಮೂಲಕ ನಡೆಯುವ ಒಂದು ನಿಧಿಗೆ ಸೇರಿಸಿ, ದಕ್ಷಿಣದ ಕಪ್ಪು ಜನರ ಸಂಘಟನೆ ಮತ್ತು ಕಲೆಯ ಕೆಲಸಕ್ಕೆ ಹೋಗುವಂತೆ ಮಾಡಿದರು. ಎಲ್ಲಿಂದ ಬಂತೋ ಅಲ್ಲಿಗೇ ಒಂದು ಪಾಲು. ನಮ್ಮೂರಲ್ಲಿ ಕಣದಿಂದ ರಾಶಿ ಮನೆಗೆ ಹೋಗುವ ಮೊದಲು ದುಡಿದವರಿಗೆ ಅಳೆದು ಕೊಡುತ್ತಿದ್ದರಲ್ಲ, ಹಾಗೆ. ನಾನು ಅದೇ ಹಾಡಿನಿಂದ ಗಳಿಸಿದ ಸಾವಿರ ರೂಪಾಯಿಯಲ್ಲಿ ಹೆಡ್‌ಫೋನ್ ಕೊಂಡೆ.

ಹಾಗಾದರೆ ಹೆಸರು ಮಾಡಿದ ಪ್ರತಿ ಹಾಡುಗಾರನೂ ಸಾಯುವ ತನಕ ಚಳವಳಿಯ ಸಂಬಳವಿಲ್ಲದ ನೌಕರನಾಗಿರಬೇಕಾ? ಇಲ್ಲಿ ಬಾಬ್ ಡೈಲನ್ ಬರುತ್ತಾರೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಪ್ರಸಿದ್ಧ ಭಾಷಣ ಮಾಡಿದ ದಿನ, ಅದೇ ವೇದಿಕೆಯಲ್ಲಿ 22 ವರ್ಷದ ಡೈಲನ್ ಹಾಡಿದ್ದರು. ಎರಡೇ ವರ್ಷದಲ್ಲಿ, 1965ರ ಜುಲೈನಲ್ಲಿ, ನ್ಯೂಪೋರ್ಟ್ ಜನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದರು. ಜನ ಕೂಗಾಡಿದರು. ಅಷ್ಟರಲ್ಲಿ ಚಳವಳಿಯ ಹಾಡುಗಳನ್ನೂ ಬಹುಮಟ್ಟಿಗೆ ಬಿಟ್ಟಿದ್ದರು. ದ್ರೋಹಿ ಅಂತ ಕರೆಸಿಕೊಂಡರು. 2016ರಲ್ಲಿ ನೊಬೆಲ್ ಬಂದಾಗಲೂ ಆ ಹಳೆಯ ಜಗಳ ಪೂರ್ತಿ ಆರಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಡೈಲನ್‌ರನ್ನು ಬೈಯುವವರ ಗುಂಪಿನಲ್ಲಿದ್ದೆ. ಈಗ ಇಲ್ಲ. ಡೈಲನ್ ಹೇಳಿದ್ದು ಇಷ್ಟೇ: ನಾನು ನಿಮ್ಮ ವಕ್ತಾರ ಅಲ್ಲ, ಆ ಪಟ್ಟ ನನಗೆ ಬೇಡ. ಪಟ್ಟ ವಾಪಸ್ ಕೊಡುವುದು ಮೋಸ ಅಲ್ಲ. ಮೋಸ ಯಾವುದು ಅಂದರೆ, ಪಟ್ಟದ ಮೇಲೆ ಕೂತು ಚಪ್ಪಾಳೆ ತಗೊಳ್ಳುತ್ತಲೇ ಇದ್ದು, ಯಾರಾದರೂ ಬಂದು ಕೈ ಚಾಚಿದಾಗ ಅಪ್ರೈಸಲ್ ಇದೆ ಅನ್ನೋದು. ಹಾಡದೇ ಇದ್ದಿದ್ದರೆ ಅಕ್ಕ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಹಾಡಿ ಆಸೆ ಹುಟ್ಟಿಸಿದವನು ನಾನು.

ಡೈಲನ್ ಜೊತೆ ಅದೇ ದಿನ ವಾಷಿಂಗ್ಟನ್‌ನಲ್ಲಿ ಹಾಡಿದ ಜೋನ್ ಬಯೆಜ್ ಬೇರೆ ದಾರಿ ಹಿಡಿದರು. 1964ರಲ್ಲಿ, ನನ್ನ ಆದಾಯ ತೆರಿಗೆಯ ಶೇಕಡ 60ರಷ್ಟು ಯುದ್ಧಕ್ಕೆ ಹೋಗುತ್ತದೆ, ಅಷ್ಟನ್ನು ಕಟ್ಟೋಲ್ಲ ಅಂತ ಸರ್ಕಾರಕ್ಕೆ ಬರೆದರು. 1967ರಲ್ಲಿ ಓಕ್‌ಲ್ಯಾಂಡ್‌ನ ಸೇನಾ ಭರ್ತಿ ಕೇಂದ್ರದ ಬಾಗಿಲಲ್ಲಿ ಕೂತು ಜೈಲಿಗೆ ಹೋದರು. ಹೆಸರನ್ನು ಚಿಲ್ಲರೆ ಮಾಡಿಸಿ ಬೇಕಾದ ಕಡೆ ಖರ್ಚು ಮಾಡಿದವರು ಅವರು.

ಇವರೆಲ್ಲರ ನಡುವೆ ನನಗೆ ಅತಿ ಹತ್ತಿರ ಅನಿಸಿದವನು ಫಿಲ್ ಓಕ್ಸ್. ಅವನನ್ನು ಏಕವಚನದಲ್ಲಿ ಕರೆಯುವಷ್ಟು ಹತ್ತಿರ. ಪತ್ರಿಕೋದ್ಯಮ ಓದಿದ್ದ ಹುಡುಗ, ಪೇಪರ್ ಸುದ್ದಿಯನ್ನೇ ಹಾಡು ಮಾಡುತ್ತಿದ್ದ. ಎಲ್ಲಿ ಮುಷ್ಕರ, ಎಲ್ಲಿ ಮೆರವಣಿಗೆ, ಅಲ್ಲಿ ಗಿಟಾರ್ ಹಿಡಿದು ಹಾಜರು. ಜೊತೆಗೆ ಅವನಿಗೆ ಖ್ಯಾತಿಯ ಹುಚ್ಚು ವಿಪರೀತ. ಡೈಲನ್‌ಗೆ ಸಿಕ್ಕಿದ್ದು ತನಗೆ ಸಿಗಲಿಲ್ಲ ಅನ್ನೋ ಸಂಕಟವನ್ನು ಅವನು ಮುಚ್ಚಿಟ್ಟುಕೊಳ್ಳಲೂ ಇಲ್ಲ. 1970ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ಗೆ ಎಲ್ವಿಸ್ ಪ್ರೆಸ್ಲಿ ಥರ ಬಂಗಾರದ ಬಣ್ಣದ ಸೂಟ್ ಹಾಕಿಕೊಂಡು ಬಂದು ರಾಕ್ ಅಂಡ್ ರೋಲ್ ಹಾಡಿದ. ಅವನ ಹಳೆಯ ಅಭಿಮಾನಿಗಳು ಕಿರುಚಿ ಬೈದರು. ಅವನ ವಾದ ಏನಿತ್ತು ಗೊತ್ತಾ? ಅಮೆರಿಕದಲ್ಲಿ ಬದಲಾವಣೆ ಆಗಬೇಕಾದರೆ ಎಲ್ವಿಸ್ ಒಳಗೆ ಚೆ ಗೆವಾರ ಹುಟ್ಟಬೇಕು ಅಂತ. ಅಂದರೆ ಖ್ಯಾತಿ ಬೇಕು, ಆದರೆ ಕೆಲಸಕ್ಕೆ ಬರುವ ಖ್ಯಾತಿ. ನಗಬೇಡಿ. ನಮ್ಮಲ್ಲಿ ಎಷ್ಟು ಜನ, ಮೊದಲು ಸೆಟಲ್ ಆಗೋಣ, ಆಮೇಲೆ ಊರಿಗೆ ಏನಾದರೂ ಮಾಡೋಣ ಅಂತ ಇಎಂಐ ಕಟ್ಟುತ್ತಾ ಕೂತಿಲ್ಲ?

ಓಕ್ಸ್ 1971ರಲ್ಲಿ ಚಿಲಿ ದೇಶಕ್ಕೆ ಹೋಗಿದ್ದಾಗ ವಿಕ್ಟರ್ ಹಾರಾ ಎಂಬ ಹಾಡುಗಾರನ ಗೆಳೆತನವಾಯಿತು. ರೈತ ಕೂಲಿಗಳ ಮನೆಯಲ್ಲಿ ಹುಟ್ಟಿದ ಹಾರಾ, ಗಣಿಗಳಲ್ಲಿ, ಫ್ಯಾಕ್ಟರಿಗಳಲ್ಲಿ ಹಾಡುತ್ತಿದ್ದ. 1973ರ ಸೆಪ್ಟೆಂಬರ್‌ನಲ್ಲಿ ಸೇನೆ ದಂಗೆಯೆದ್ದು ಅಧಿಕಾರ ಹಿಡಿದಾಗ, ಸ್ಯಾಂಟಿಯಾಗೊದ ಒಂದು ಕ್ರೀಡಾಂಗಣದಲ್ಲಿ ಅವನನ್ನು ಸಾವಿರಾರು ಜನರ ಜೊತೆ ಕೂಡಿಹಾಕಿ, ಹಿಂಸಿಸಿ ಕೊಂದರು. ದೇಹದಲ್ಲಿ 40ಕ್ಕೂ ಹೆಚ್ಚು ಗುಂಡುಗಳಿದ್ದವು. ಈಗ ಆ ಕ್ರೀಡಾಂಗಣಕ್ಕೆ ಅವನದೇ ಹೆಸರಿದೆ. ಹಾಡಿನ ಬಿಲ್ ಕೆಲವರಿಗೆ ಈ ರೂಪದಲ್ಲೂ ಬರುತ್ತದೆ. ನನ್ನ ಡ್ರಾಫ್ಟ್ ಮೇಲ್‌ನ್ನು ಇದರ ಪಕ್ಕ ಇಟ್ಟು ನೋಡಲು ನನಗೆ ನಾಚಿಕೆಯಾಗುತ್ತದೆ.

1974ರಲ್ಲಿ ಓಕ್ಸ್ ಚಿಲಿಯ ಜನರಿಗಾಗಿ ನ್ಯೂಯಾರ್ಕ್‌ನಲ್ಲಿ ಒಂದು ಕಾರ್ಯಕ್ರಮ ಏರ್ಪಡಿಸಿದ. ಟಿಕೆಟ್ ಖರ್ಚಾಗಲಿಲ್ಲ. ಕಡೆಗೆ ಡೈಲನ್‌ರನ್ನು ಹೋಗಿ ಕೇಳಿದ. ಡೈಲನ್ ಬರ್ತೀನಿ ಅಂದರು. ಹೆಸರು ಹೊರಬಿದ್ದದ್ದೇ ತಡ, ಟಿಕೆಟ್ ಎಲ್ಲ ಮಾರಾಟವಾಗಿ ಹೋಯಿತು. ಈ ಘಟನೆಯನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ಚಳವಳಿಗೆ ಜೀವ ತೇಯ್ದವನ ಹೆಸರಿಗೆ ಹಾಲ್ ತುಂಬಲಿಲ್ಲ, ಚಳವಳಿ ಬಿಟ್ಟು ಹೋದವನ ಹೆಸರಿಗೆ ತುಂಬಿತು. ಅನ್ಯಾಯ ಅನ್ನಬಹುದು. ಆದರೆ ಆ ಸಂಜೆಯ ದುಡ್ಡು ಎಲ್ಲಿಗೆ ಹೋಗಬೇಕಿತ್ತೋ ಅದಕ್ಕೆ ಈ ಲೆಕ್ಕಾಚಾರ ಬೇಕಿರಲಿಲ್ಲ. ಖ್ಯಾತಿ ನೋಟಿನ ಥರ. ಯಾರ ಜೇಬಿನಿಂದ ಬಂತು ಅಂತ ಅಂಗಡಿಯವನು ಕೇಳೋಲ್ಲ. ಜೇಬಿನಿಂದ ಹೊರಗೆ ಬಂತಾ ಅನ್ನೋದಷ್ಟೇ ಮುಖ್ಯ. ಓಕ್ಸ್ ಎರಡು ವರ್ಷದ ನಂತರ, 1976ರ ಏಪ್ರಿಲ್‌ನಲ್ಲಿ, ಕುಡಿತ ಮತ್ತು ಮನಸ್ಸಿನ ಕಾಯಿಲೆಯಿಂದ ಬಳಲಿ ಆತ್ಮಹತ್ಯೆ ಮಾಡಿಕೊಂಡ. 35 ವರ್ಷ. ನನಗೂ ಈಗ ಅಷ್ಟೇ.

ಖ್ಯಾತಿಯ ಮಾತಾಯಿತು. ಇನ್ನು ನಗುವಿನ ಮಾತು. ಹೋರಾಟಕ್ಕೂ ಹಾಸ್ಯಕ್ಕೂ ಏನು ಸಂಬಂಧ ಅಂತ ಕೇಳಿದರೆ ನಾನು ನಮ್ಮಜ್ಜಿಯನ್ನು ತೋರಿಸುತ್ತೇನೆ. ಮದುವೆ ಮನೆಯಲ್ಲಿ ಸೋಬಾನೆ ಹೇಳಲು ಅವಳನ್ನು ಕರೆಯುತ್ತಿದ್ದರು. ಬೀಗರನ್ನು ಜರಿಯುವ ಪದ ಬಂದಾಗ ಅವಳ ಗಂಟಲು ಬೇರೆಯೇ ಆಗುತ್ತಿತ್ತು. ಗಂಡಿನ ಕಡೆಯವರ ಜಿಪುಣತನ, ಜಂಬ, ಹೊಟ್ಟೆಬಾಕತನ ಎಲ್ಲ ಹೊರಗೆ. ಮಾತಿನಲ್ಲಿ ಅಂದಿದ್ದರೆ ಮದುವೆಯೇ ಮುರಿದು ಬೀಳುತ್ತಿತ್ತು. ಪದದಲ್ಲಿ ಅಂದರೆ ಬೀಗರು ಹಲ್ಲು ಕಿರಿಯಬೇಕು, ಸಿಟ್ಟಾಗುವಂತಿಲ್ಲ. ನಗು ಇಲ್ಲಿ ಒಂದು ಗೇಟ್ ಪಾಸ್. ಬಾಯಿ ತೆರೆಯುವ ಹಕ್ಕಿಲ್ಲದವರಿಗೆ ಅದು ಬಾಯಿ ಕೊಡುತ್ತದೆ.

ಆದರೆ ತೊಡಕು ಇರುವುದೂ ಅಲ್ಲೇ. ಪದ ಮುಗಿದು ಎಲೆ ಹಾಕಿದ ಮೇಲೆ, ಮದುಮಗಳು ಅದೇ ಜಿಪುಣರ ಮನೆಗೆ ಹೋಗಲೇಬೇಕು. ಎಲ್ಲರೂ ನಕ್ಕರಲ್ಲ, ಅಲ್ಲಿಗೆ ಹೇಳಬೇಕಾದ್ದನ್ನು ಹೇಳಿದ ಹಾಗೆ ಆಯಿತು, ಇನ್ನು ಬದಲಾಗುವ ಅಗತ್ಯ ಯಾರಿಗೂ ಇಲ್ಲ. ಗೇಟ್ ಪಾಸ್ ಕೊಟ್ಟವರೇ ಅದನ್ನು ಸಂಜೆ ವಾಪಸ್ ತಗೊಳ್ಳುತ್ತಾರೆ.

ಈ ತೊಡಕನ್ನು ಅಮೆರಿಕದಲ್ಲಿ ಚೆನ್ನಾಗಿ ಗುರುತಿಸಿದವರು ಟಾಮ್ ಲೆಹ್ರರ್ ಎಂಬ ಗಣಿತದ ಮೇಷ್ಟ್ರು. ಪಿಯಾನೊ ಮುಂದೆ ಕೂತು ವ್ಯಂಗ್ಯದ ಹಾಡು ಹೇಳುತ್ತಿದ್ದವರು. 1965ರ ಆಲ್ಬಮ್ ಒಂದರಲ್ಲಿ 'ದ ಫೋಕ್ ಸಾಂಗ್ ಆರ್ಮಿ' ಅಂತ ಒಂದು ಹಾಡಿದೆ. ಅದು ಗೇಲಿ ಮಾಡುವುದು ಸರ್ಕಾರವನ್ನಲ್ಲ, ಹೋರಾಟದ ಹಾಡು ಹೇಳುವವರನ್ನೇ. ಮೊದಲೇ ಒಪ್ಪಿಕೊಂಡಿರುವ ಜನರ ಮುಂದೆ, ಯಾರೂ ವಿರೋಧಿಸದ ಮಾತನ್ನು ಹಾಡಿ, ಅದನ್ನು ಶೌರ್ಯ ಅಂದುಕೊಳ್ಳುವವರನ್ನು. ಮೊದಲ ಸಲ ಕೇಳಿದಾಗ ನನ್ನ ಆಫೀಸಿನ ಸಿಸಿಟಿವಿ ನೋಡಿ ಬರೆದ ಹಾಗೆ ಅನಿಸಿತು.

ಓಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1966ರಲ್ಲಿ ಹೊರಬಂದ ಅವನ 'ಲವ್ ಮಿ, ಐ ಆಮ್ ಎ ಲಿಬರಲ್' ಹಾಡಿನಲ್ಲಿ ಒಬ್ಬ ಒಳ್ಳೆಯ ಮನುಷ್ಯ ಮಾತಾಡುತ್ತಾನೆ. ಸಮಾನತೆ ಅಂದರೆ ಅವನಿಗೆ ತುಂಬ ಇಷ್ಟ, ತನ್ನ ಪಕ್ಕದ ಮನೆಗೆ ಅದು ಬಾಡಿಗೆಗೆ ಬರದಿದ್ದರೆ ಸಾಕು. ರೆಕಾರ್ಡಿಂಗ್‌ನಲ್ಲಿ ಕೇಳುಗರ ನಗು ಜೋರಾಗಿ ಕೇಳಿಸುತ್ತದೆ. ಆ ಹಾಡು ಯಾರ ಬಗ್ಗೆ ಇತ್ತೋ, ಟಿಕೆಟ್ ಕೊಂಡು ಕೂತವರಲ್ಲಿ ಬಹಳಷ್ಟು ಜನ ಅವರೇ. ಅವರು ನಗುನಗುತ್ತಲೇ ಮನೆಗೆ ಹೋಗಿರಬಹುದು. ಆದರೆ ಒಂದಿಬ್ಬರಿಗಾದರೂ ಕಾರು ಹತ್ತುವಾಗ, ಅರೆ, ಅವನು ಅಂದದ್ದು ನನ್ನನ್ನಲ್ಲವಾ ಅಂತ ಚುಚ್ಚಿರುತ್ತದೆ. ನಗುವಿನಲ್ಲಿ ಎರಡು ಥರ ಅಂತ ನನಗೆ ಇಲ್ಲಿ ಹೊಳೆಯಿತು. ಒಂದು ನಮ್ಮನ್ನು ಬಿಟ್ಟುಕೊಡುತ್ತದೆ, ಇನ್ನೊಂದು ಹಿಡಿದುಹಾಕುತ್ತದೆ. ದೂರದಲ್ಲಿರುವ ಖಳನನ್ನು ನೋಡಿ ನಕ್ಕರೆ ನಾವು ಶುದ್ಧರಾಗಿ ಎದ್ದು ಹೋಗುತ್ತೇವೆ. ಜೋಕಿನ ಒಳಗೆ ನಮ್ಮದೇ ಮುಖ ಕಂಡರೆ ಅಷ್ಟು ಸುಲಭಕ್ಕೆ ಏಳಲು ಆಗೋಲ್ಲ.

ಹಾಗಂತ ಹಗುರ ನಗುವನ್ನು ತೀರ ತಳ್ಳಿಹಾಕುವಂತೆಯೂ ಇಲ್ಲ. ಸೀಗರ್ ಮತ್ತೆ ಟಿವಿಗೆ ಬಂದದ್ದು ಒಂದು ಕಾಮಿಡಿ ಕಾರ್ಯಕ್ರಮದ ಮೂಲಕ. ಸ್ಮದರ್ಸ್ ಸಹೋದರರು 1967ರಲ್ಲಿ ಅವರನ್ನು ಕರೆಸಿದರು. ಮಹಾಯುದ್ಧದ ಕಾಲದಲ್ಲಿ ಮೂರ್ಖ ಕ್ಯಾಪ್ಟನ್ ಒಬ್ಬ ತನ್ನ ತುಕಡಿಯನ್ನು ಹೊಳೆಯ ಆಳಕ್ಕೆ ನಡೆಸುವ ಕಥೆಯ ಹಾಡನ್ನು ಸೀಗರ್ ಹಾಡಿದರು. ವಿಯೆಟ್ನಾಂ ಅನ್ನುವ ಪದವೇ ಅದರಲ್ಲಿಲ್ಲ. ಆದರೂ ಆ ಕ್ಯಾಪ್ಟನ್ ಅಧ್ಯಕ್ಷ ಜಾನ್ಸನ್ ಅಂತ ಎಲ್ಲರಿಗೂ ಅರ್ಥವಾಯಿತು. ಹೌದು, ಎರಡು ವರ್ಷದ ಹಿಂದೆ ಸಂಸತ್ತಿನಲ್ಲಿ ಆ ಪಲ್ಲವಿ ಹೇಳಿದ ಅದೇ ಜಾನ್ಸನ್. ಸಿಬಿಎಸ್ ಚಾನೆಲ್ ಹಾಡನ್ನು ಕತ್ತರಿಸಿತು. ಸಹೋದರರು ಪತ್ರಿಕೆಗಳ ಮುಂದೆ ಗಲಾಟೆ ಮಾಡಿದರು. 1968ರ ಫೆಬ್ರವರಿಯಲ್ಲಿ ಸೀಗರ್ ಮತ್ತೆ ಬಂದು ಹಾಡಿದರು, ಪ್ರಸಾರವೂ ಆಯಿತು. ಮರುವರ್ಷ ಚಾನೆಲ್ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು. ತಮಾಷೆ ಮಾಡುವವರು ತಮ್ಮ ಗೇಟ್ ಪಾಸ್ ಕೊಟ್ಟು ಇನ್ನೊಬ್ಬನನ್ನು ಒಳಗೆ ಬಿಟ್ಟರು, ತಾವು ಹೊರಗೆ ಹೋದರು.

ನಮ್ಮಲ್ಲಿ ಈ ಮೂರೂ ಒಬ್ಬರಲ್ಲೇ ಸೇರಿದ್ದು ಸಿದ್ಧಲಿಂಗಯ್ಯನವರಲ್ಲಿ. 1975ರಲ್ಲಿ ಬಂದ ಅವರ 'ಹೊಲೆಮಾದಿಗರ ಹಾಡು' ಪುಸ್ತಕದಿಂದ ಎದ್ದು ಬೀದಿಗೆ ಹೋಯಿತು, ಮೆರವಣಿಗೆಗಳ ಹಾಡಾಯಿತು. ಆಮೇಲೆ ಅವರು ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. ಕವಿ ಮೆತ್ತಗಾದರು ಅನ್ನುವ ಮಾತೂ ಬಂತು. ಆ ವಾದಕ್ಕೆ ನಾನು ಇಳಿಯೋಲ್ಲ. ಅವರ 'ಊರು ಕೇರಿ' ಓದಿದವರಿಗೆ ಗೊತ್ತು, ಹಸಿವು ಅವಮಾನಗಳನ್ನು ಅವರು ಎಷ್ಟು ನಗಿಸುತ್ತಾ ಹೇಳುತ್ತಾರೆ ಅಂತ. ಡಿ.ಆರ್. ನಾಗರಾಜ್ ಆ ಪುಸ್ತಕದ ಬಗ್ಗೆ ಬರೆಯುವಾಗ ಬಡವರ ನಗುವಿನ ಶಕ್ತಿಯ ಮಾತೆತ್ತುತ್ತಾರೆ. ಹಾಸ್ಟೆಲಿನಲ್ಲಿ ಅದನ್ನು ಓದುತ್ತಾ ಹೊಟ್ಟೆ ಹಿಡಿದು ನಕ್ಕು, ಮರುಕ್ಷಣ ಪುಟ ತಿರುಗಿಸಲಾಗದೆ ಕೂತದ್ದು ನನಗೆ ನೆನಪಿದೆ. ನಮ್ಮೂರಲ್ಲಿ ಊರು ಯಾವುದು, ಕೇರಿ ಯಾವುದು, ನಮ್ಮ ಮನೆ ಯಾವ ಕಡೆ ಇತ್ತು ಅನ್ನೋದು ಆಗ ತಲೆಗೆ ಬಂದಿತ್ತು. ನಾವು ಊರಿನ ಕಡೆಯವರು. ಆ ನಗು ನನ್ನನ್ನು ಹಿಡಿದುಹಾಕಿತ್ತು.

ವುಡಿ ಗಥ್ರಿ 1940ರಲ್ಲಿ ಬರೆದ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹಾಡನ್ನು ಅಮೆರಿಕದ ಶಾಲಾಮಕ್ಕಳು ದೇಶಭಕ್ತಿಗೀತೆಯಾಗಿ ಹಾಡುತ್ತಾ ಬಂದಿದ್ದಾರೆ. ಖಾಸಗಿ ಆಸ್ತಿಯ ಬೋರ್ಡನ್ನು ಪ್ರಶ್ನಿಸುವ, ಪರಿಹಾರ ಕಚೇರಿಯ ಮುಂದೆ ಹಸಿದು ನಿಂತವರನ್ನು ತೋರಿಸುವ ಚರಣಗಳು ಸಾಮಾನ್ಯವಾಗಿ ಬಿಟ್ಟುಹೋಗುತ್ತಿದ್ದವು. 2009ರ ಜನವರಿಯಲ್ಲಿ, ಒಬಾಮ ಅಧಿಕಾರ ಸ್ವೀಕರಿಸುವ ಎರಡು ದಿನ ಮೊದಲು, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ 89 ವರ್ಷದ ಸೀಗರ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ನಿಂತು ಆ ಚರಣಗಳನ್ನೂ ಸೇರಿಸಿ ಹಾಡಿದರು, ಸೇರಿದ್ದ ಲಕ್ಷಾಂತರ ಜನರ ಕೈಲಿ ಹಾಡಿಸಿದರು. ಇಡೀ ಬದುಕಿನ ಖ್ಯಾತಿಯನ್ನು ಒಟ್ಟುಮಾಡಿ, ಬಿಟ್ಟುಹೋದ ಚರಣಗಳನ್ನು ವಾಪಸ್ ತರಲು ಖರ್ಚು ಮಾಡಿದ ಹಾಗಿತ್ತು ಅದು.

ಬಿಟ್ಟುಹೋದ ಚರಣ ಅಂದಾಗ ನನ್ನದೂ ಒಂದಿದೆ.

ನಾಲ್ಕೈದು ತಿಂಗಳ ಮೇಲೆ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಮಾಡಿದೆ. ಬನ್ನೇರುಘಟ್ಟ ರಸ್ತೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕೆಲಸ ಸಿಕ್ಕಿತ್ತು, ಸಂಬಳ ಮೊದಲಿಗಿಂತ ಕಮ್ಮಿ. ನಾನು ಮೇಲ್ ಕಳಿಸಲಿಲ್ಲ ಅಕ್ಕ, ತಪ್ಪಾಯ್ತು ಅಂದೆ. ಅವರು ಜೋರಾಗಿ ನಕ್ಕರು. "ಅಯ್ಯೋ ಬಿಡಣ್ಣ, ನಂಗೆ ಅವತ್ತೇ ಗೊತ್ತಿತ್ತು. ಎರಡ್ನೇ ಚರಣ ಬರ್ದೆ ಬರೀ 'ಆ ಆ' ಅಂತ ಎಳುದ್ರಲ್ಲ, ನಾನು ಹಿಂದ್ಗಡೆ ನಿಂತ್ಕಂಡು ಪೂರ್ತಿ ಹೇಳ್ತಾ ಇದ್ದೆ."

ಆ ನಗುವಿನಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ಹಳೆಯ ಏಜೆನ್ಸಿಯ ಪಿಎಫ್ ದುಡ್ಡು ಬಂದಿಲ್ಲ ಅಂದರು. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಎರಡು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೂತು ಅದನ್ನು ಸರಿಮಾಡಿಸಲು ಅರ್ಜಿ ಹಾಕಿಕೊಟ್ಟೆ. ಇದನ್ನು ಪ್ರಾಯಶ್ಚಿತ್ತ ಅಂತ ಹೇಳುತ್ತಿಲ್ಲ. ಅದು ಬಾಗಿಲು ಮುಚ್ಚಿಕೊಂಡು ಮಾಡಿದ ಕೆಲಸ, ಅದರಲ್ಲಿ ನನ್ನ ಚಪ್ಪಾಳೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಕಾಂಟ್ರ್ಯಾಕ್ಟ್ ಕೆಲಸಗಾರರನ್ನು ತೆಗೆಯುವ ಮೊದಲು ಒಂದು ತಿಂಗಳು ಮುಂಚೆ ತಿಳಿಸಿ ಅಂತ ಕೇಳುವ ಆ ಮೇಲ್ ಇನ್ನೂ ಡ್ರಾಫ್ಟ್‌ನಲ್ಲಿದೆ. ಹೊಸ ಏಜೆನ್ಸಿಯ ಕಾಂಟ್ರ್ಯಾಕ್ಟ್ ಕೂಡ ಒಂದು ದಿನ ಮುಗಿಯುತ್ತದೆ. ಹಾಗಾಗಿ ಆ ಮೇಲ್‌ಗೆ ಇನ್ನೂ ಕೆಲಸ ಇದೆ.

ಮುಂದಿನ ತಿಂಗಳ ಮೀಟಿಂಗ್‌ಗೆ ಮತ್ತೆ ಹಾಡಿ ಅಂತ ಕೇಳಿದ್ದಾರೆ. ನೋಡೋಣ ಅಂದಿದ್ದೇನೆ. ಅಕ್ಕನ ಹತ್ತಿರ ಎರಡನೇ ಚರಣ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ, ಬಾಯಿಪಾಠ ಮಾಡುತ್ತಿದ್ದೇನೆ. ಮೇಲ್‌ನಲ್ಲಿ 'ಸಜೆಶನ್' ತೆಗೆದು ಮತ್ತೆ 'ಡಿಮ್ಯಾಂಡ್' ಅಂತ ಹಾಕಿದ್ದೇನೆ. ಅದನ್ನು ಕಳಿಸಿದ ದಿನ, ಹಾಡುತ್ತೇನೆ ಅಂತ ಹೇಳಬೇಕು.